ಆಡುಸೋಗೆ, ವಾಸಿಸೀನ್, ಬ್ರೋಮ್‌ಹೆಕ್ಸಿನ್: ಪುರಾವೆಯ ಸರಣಿಯ ಬಗ್ಗೆ ಒಂದು ಟಿಪ್ಪಣಿ

1. ಸಸ್ಯ ಮತ್ತು ಬಳಕೆ
ಕೆಮ್ಮು, ಕಫ, ಉಬ್ಬಸಗಳಿಗೆ ಕಷಾಯವಾಗಿ ಬಳಸುವ ಆಡುಸೋಗೆಯೇ ಆಯುರ್ವೇದದ ವಾಸಾ. ಲಿನೇಯಸ್ 1753ರಲ್ಲಿ ಕೊಟ್ಟ ಜಸ್ಟೀಸಿಯ ಅಧಟೋಡ ಈಗ ಮಾನ್ಯವಾಗಿರುವ ಹೆಸರು. ಆದರೆ 20ನೆಯ ಶತಮಾನದ ಔಷಧಶಾಸ್ತ್ರದ ಲೇಖನಗಳಲ್ಲಿ ಹೆಚ್ಚಾಗಿ ಕಾಣುವುದು ಅಧಟೋಡ ವಾಸಿಕ. ಆಕರ ಹುಡುಕುವವರು ಎರಡನ್ನೂ ನೋಡಬೇಕು. ಚರಕಸಂಹಿತೆಯಲ್ಲಿ ವಾಸಾಘೃತ ಬರುವುದು ರಕ್ತಪಿತ್ತದ, ಅಂದರೆ ರಕ್ತಸ್ರಾವದ ರೋಗದ, ಚಿಕಿತ್ಸೆಯಲ್ಲಿ. ಆದ್ದರಿಂದ ಇಂದಿನ ಕೆಮ್ಮಿನ ಬಳಕೆಗೆ ಆ ಉಲ್ಲೇಖವೊಂದನ್ನೇ ಆಧಾರವಾಗಿ ಕೊಡುವುದು ಸಾಲದು.

2. ಆಲ್ಕಲಾಯ್ಡ್‌ಗಳು
ಎಲೆಯಲ್ಲಿರುವ ವಾಸಿಸೀನನ್ನು ಹೂಪರ್ 1888ರಲ್ಲಿ ವರದಿ ಮಾಡಿದರು. 1924ರಲ್ಲಿ ಸೇನ್ ಮತ್ತು ಘೋಷ್ ಅದನ್ನು ಮರುಪರಿಶೀಲಿಸಿದರು. ಶ್ವಾಸನಾಳವನ್ನು ಹಿಗ್ಗಿಸುವ ಗುಣವನ್ನು ಅಮೀನ್ ಮತ್ತು ಮೆಹ್ತಾ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೇಳಿದ್ದು ವಾಸಿಸೀನಿಗಲ್ಲ, ಅದರಿಂದ ಉಂಟಾಗುವ ವಾಸಿಸಿನೋನಿಗೆ. ಮುಂದಿನ ವರದಿಗಳು ಪರಸ್ಪರ ಹೊಂದುವುದಿಲ್ಲ: ಬೇರ್ಪಡಿಸಿದ ಅಂಗಾಂಶದಲ್ಲಿ ನಾಳವನ್ನು ಹಿಗ್ಗಿಸಿದ ವಾಸಿಸಿನೋನ್, ಜೀವಂತ ಪ್ರಾಣಿಯಲ್ಲಿ ಕುಗ್ಗಿಸಿತೆಂಬ ಹೇಳಿಕೆಯೂ ಇದೆ. ಗಾಳಿಯಲ್ಲಿ ವಾಸಿಸೀನ್ ಉತ್ಕರ್ಷಣಗೊಂಡು ವಾಸಿಸಿನೋನ್ ಆಗುತ್ತದೆ. ಹಾಗಾಗಿ ಹಸಿ ಎಲೆಯ ರಸವನ್ನೂ ಒಣಗಿಸಿಟ್ಟ ಎಲೆಯ ಪುಡಿಯನ್ನೂ ಒಂದೇ ಮದ್ದೆಂದು ಎಣಿಸುವುದು ಪ್ರಾಯಶಃ ಸರಿಯಲ್ಲ.

3. ಬ್ರೋಮ್‌ಹೆಕ್ಸಿನ್
ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. 1963ರಲ್ಲಿ ಬಳಕೆಗೆ ಬಂದ ಈ ಕಫಹಾರಿಯನ್ನು ಆಡುಸೋಗೆಯಿಂದ ತೆಗೆದದ್ದೆಂದು ಜನಪ್ರಿಯ ಬರಹಗಳು ಹೇಳುತ್ತವೆ. ಕ್ಷಯದ ಬ್ಯಾಕ್ಟೀರಿಯಾಗಳ ಮೇಲೆ ಬ್ರೋಮ್‌ಹೆಕ್ಸಿನ್ ಮತ್ತು ಆಂಬ್ರಾಕ್ಸಾಲ್ ಬೀರುವ ಪರಿಣಾಮವನ್ನು ಪ್ರನಾಳದಲ್ಲಿ ಪರೀಕ್ಷಿಸಿದ 1996ರ ಗ್ರೇಂಜ್–ಸ್ನೆಲ್ ಲೇಖನದ ಶೀರ್ಷಿಕೆಯೂ ಇವೆರಡನ್ನು ವಾಸಿಸೀನಿನ ಅರೆಸಂಶ್ಲೇಷಿತ ರೂಪಗಳೆನ್ನುತ್ತದೆ. ರಚನೆ ನೋಡಿದರೆ ಈ ಮಾತು ಸಡಿಲವೆನಿಸುತ್ತದೆ. ಬ್ರೋಮ್‌ಹೆಕ್ಸಿನ್‌ನಲ್ಲಿ ಎರಡು ಬ್ರೋಮಿನ್ ಪರಮಾಣುಗಳಿವೆ. ವಾಸಿಸೀನಿನ ಕ್ವಿನಾಜೊಲಿನ್ ಉಂಗುರವಿಲ್ಲ. ‘ವಾಸಿಸೀನನ್ನು ಮಾದರಿಯಾಗಿಟ್ಟುಕೊಂಡು ಸಂಶ್ಲೇಷಿಸಿದ್ದು’ ಎಂಬುದು ಹೆಚ್ಚು ನಿಖರ. ಆಂಬ್ರಾಕ್ಸಾಲ್, ದೇಹದಲ್ಲಿ ಬ್ರೋಮ್‌ಹೆಕ್ಸಿನ್ ಮಾರ್ಪಟ್ಟು ದೊರೆಯುವ ವಸ್ತು. ಈ ಎರಡು ಔಷಧಗಳ ಮೇಲೆ ನಡೆದ ರೋಗಿಪರೀಕ್ಷೆಗಳನ್ನು ಎಲೆಯ ಕಷಾಯದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

4. ಸುರಕ್ಷತೆ
ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಿಂದ 1980ರಲ್ಲಿ ಬಂದ ಅಟಲ್ ಅವರ ಗ್ರಂಥ ವಾಸಿಸೀನನ್ನು ಪರಿಶೀಲಿಸಿದ್ದು ಕೆಮ್ಮಿನ ಮದ್ದಾಗಿ ಅಲ್ಲ, ಗರ್ಭಕೋಶವನ್ನು ಸಂಕುಚಿಸುವ, ಗರ್ಭಪಾತ ಉಂಟುಮಾಡಬಲ್ಲ ವಸ್ತುವಾಗಿ. ಕಷಾಯದಲ್ಲಿ ವಾಸಿಸೀನಿನ ಪ್ರಮಾಣ ಎಲೆ, ಋತು, ತಯಾರಿಕೆಗಳಿಗೆ ತಕ್ಕಂತೆ ಬದಲಾಗುವುದರಿಂದ ಸುರಕ್ಷಿತ ಮಿತಿಯನ್ನು ಮನೆಯಲ್ಲಿ ಅಳೆಯಲಾಗದು. ಶ್ವಾಸರೋಗಕ್ಕೆ ಆಡುಸೋಗೆಯ ಉಪಯೋಗ ಸಂಭಾವ್ಯ, ಆದರೆ ಸಿದ್ಧವಲ್ಲ. ಗರ್ಭಿಣಿಯರಿಗೆ ಕೊಡಬಾರದೆಂಬುದಕ್ಕೆ ಇರುವ ಆಧಾರ ಅದಕ್ಕಿಂತ ಗಟ್ಟಿ.