ಸುಕ್ಕಾದರೂ ಸೋಲದ ಗೋಡೆ

ವಿಶಾಖಪಟ್ಟಣ, ವಿಜಯವಾಡ ಕಡೆ ಕೆಲಸಕ್ಕೆ ಹೋಗಿ ಅಲ್ಲೇ ಫ್ಲ್ಯಾಟ್ ನೋಡ್ತಾ ಇರೋ ಕನ್ನಡಿಗರು ಬ್ರೋಷರ್‌ನಲ್ಲಿ 'ಶಿಯರ್ ವಾಲ್' ಅನ್ನೋ ಪದ ನೋಡಿರ್ತೀರಿ. ಭೂಕಂಪ ಕಟ್ಟಡವನ್ನು ಪಕ್ಕಕ್ಕೆ ತಳ್ಳಿದಾಗ ತಡೆದು ನಿಲ್ಲೋ ಗೋಡೆ ಅದು. ಅದನ್ನ ನಂಬೋದು ಹೇಗೆ?

ಮೊದಲು ಊರುಗಳನ್ನ ನೋಡೋಣ. 2002ರ ಐಎಸ್ 1893 ಸಂಹಿತೆ ಪ್ರಕಾರ ವಿಶಾಖಪಟ್ಟಣ ಭೂಕಂಪ ವಲಯ 2, ವಿಜಯವಾಡ ವಲಯ 3. ಮೊದಲನೆಯದು ಖೊಂಡಲೈಟ್ ಬಂಡೆಯ ಬೆಟ್ಟಗಳ ಊರು. ಎರಡನೆಯದು ಕೃಷ್ಣೆಯ ಮೆಕ್ಕಲು ಮಣ್ಣಿನ ಊರು. ಮೆತ್ತನೆಯ ಮಣ್ಣು ಕಂಪನವನ್ನ ಹೆಚ್ಚಿಸುತ್ತೆ. 1967ರಲ್ಲಿ ಒಂಗೋಲು, 1969ರಲ್ಲಿ ಭದ್ರಾಚಲಂ ನಡುಗಿದ್ದು ಇದೇ ಸೀಮೆಯಲ್ಲಿ.

ಹಾಗಾದ್ರೆ ವೈಜಾಗ್‌ನವರು ನಿಶ್ಚಿಂತೆಯಿಂದ ಇರಬಹುದಾ? ಹಾಗೇನಿಲ್ಲ. 1993ರಲ್ಲಿ ನಮ್ಮ ಗಡಿಯಾಚೆ ಲಾತೂರಿನ ಕಿಲ್ಲಾರಿ ನೆಲಸಮ ಆದಾಗ ಅದು ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಸಾವಿರಾರು ಜನ ಸತ್ತರು. 2002ರಲ್ಲಿ ವಲಯ 1 ಅನ್ನೋದನ್ನೇ ನಕ್ಷೆಯಿಂದ ತೆಗೆದರು.

ಈಗ ಗೋಡೆಗೆ ಬರೋಣ. ನಮ್ಮಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಶಿಯರ್ ವಾಲ್ ಕಟ್ತಾರೆ. ಇನ್ನೊಂದು ಬಗೆ ಇದೆ: ಕಂಬ, ತೊಲೆಗಳ ಚೌಕಟ್ಟಿಗೆ ತೆಳು ಉಕ್ಕಿನ ತಗಡು ಕೂರಿಸೋದು. ತಗಡು ಸುಕ್ಕಾದರೆ ಗೋಡೆ ಸೋತಂತೆ ಅಂತ ಇಂಜಿನಿಯರುಗಳು ಬಹುಕಾಲ ಭಾವಿಸಿದ್ದರು. ಆದರೆ 1931ರಷ್ಟು ಹಿಂದೆಯೇ ಹರ್ಬರ್ಟ್ ವ್ಯಾಗ್ನರ್ ವಿಮಾನದ ತಗಡುಗಳ ಬಗ್ಗೆ ಬೇರೆಯದೇ ತೋರಿಸಿದ್ದರು. ಸುಕ್ಕಾದ ತಗಡು, ಎರಡು ಮೂಲೆ ಹಿಡಿದು ಎಳೆದ ಪಂಚೆಯ ಹಾಗೆ, ಓರೆಯಾಗಿ ಬಿಗಿದು ಭಾರ ಹೊರುತ್ತೆ. 1983ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಕೂಲಕ್ ಮತ್ತು ಸಂಗಡಿಗರು ಇದನ್ನ ಕಟ್ಟಡಕ್ಕೆ ತಂದರು.

1990ರ ದಶಕದಲ್ಲಿ ಅಲ್ಲೇ ನಾಲ್ಕು ಅಂತಸ್ತಿನ, ಅರ್ಧ ಅಳತೆಯ ಮಾದರಿ ಕಟ್ಟಿ, ಅತ್ತ ಇತ್ತ 30 ಸಲ ತಳ್ಳಿ ಎಳೆದರು. ತಗಡಿನ ದಪ್ಪ 5 ಮಿ.ಮೀ.ಗಿಂತ ಕಡಿಮೆ! ಉಕ್ಕು ಶಾಶ್ವತವಾಗಿ ಬಾಗೋಕೆ ಶುರುವಾಗೋ ಮಿತಿಯ ಒಂಬತ್ತು ಪಟ್ಟು ಕೆಳ ಅಂತಸ್ತು ಸರಿಯಿತು. ಆದರೂ ಗೋಡೆ ದಿಢೀರನೆ ಕುಸಿಯಲಿಲ್ಲ. ನಮಗೆ ಬೇಕಿರೋದು ಇದೇ ಅಲ್ವಾ? ಕಟ್ಟಡ ಕೆಡಲಿ, ಒಳಗಿರೋರು ಹೊರಗೆ ಬರೋಕೆ ಆಗಬೇಕು.

1995ರ ಕೋಬೆ ಭೂಕಂಪದಲ್ಲಿ ಉಕ್ಕಿನ ತಗಡು ಗೋಡೆಗಳಿದ್ದ 35 ಅಂತಸ್ತಿನ ಕಟ್ಟಡ ಅಲ್ಪ ಹಾನಿಯಲ್ಲಿ ಉಳಿಯಿತು. 2001ರ ಭುಜ್ ಭೂಕಂಪದಲ್ಲಿ, ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಅಹಮದಾಬಾದ್‌ನಲ್ಲಿ, ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಪಾರ್ಕಿಂಗ್ ಇದ್ದ ಅಪಾರ್ಟ್‌ಮೆಂಟುಗಳು ಕುಸಿದವು. ಅಹಮದಾಬಾದ್ ಕೂಡ ವಿಜಯವಾಡದ ಹಾಗೆ ವಲಯ 3.

ಅಡ್ವಾನ್ಸ್ ಕೊಡೋ ಮುಂಚೆ ಬಿಲ್ಡರ್‌ಗೆ ಒಂದೇ ಪ್ರಶ್ನೆ ಕೇಳಿ: "ಈ ಶಿಯರ್ ವಾಲ್ ಪಾರ್ಕಿಂಗ್ ದಾಟಿ ಪಾಯದವರೆಗೂ ಇಳಿದಿದೆಯಾ?" ಉತ್ತರವನ್ನ ಡ್ರಾಯಿಂಗ್‌ನಲ್ಲೇ ತೋರಿಸೋಕೆ ಹೇಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.