ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು ಹೇಗೆ? ನಾಲ್ಕು ಸಾಲು ತಪ್ಪಿದರೆ ಟಿಕೆಟ್ಟೂ ತಪ್ಪಬಹುದು!

ಪುಣೆಯಿಂದ ಹುಬ್ಬಳ್ಳಿಗೆ ಶುಕ್ರವಾರ ಎರಡು ಸೀಟು ಖಾಲಿ ಇದೆಯಾ ನೋಡು ಎಂದು ಎಐ ಏಜೆಂಟ್‌ಗೆ ಹೇಳುತ್ತೀರಿ ಎಂದುಕೊಳ್ಳಿ. ಅದು ಸೀಟು ನೋಡುವ ಬದಲು ಟಿಕೆಟ್ಟನ್ನೇ ಬುಕ್ ಮಾಡಿ, ಖಾತೆಯಿಂದ ಹಣ ಕಡಿತವಾದರೆ? ಇಂಥ ಎಡವಟ್ಟಿಗೆ ಎಐ ಮಾದರಿಯೇ ಕಾರಣ ಆಗಬೇಕೆಂದಿಲ್ಲ. ಅದಕ್ಕೆ ಕೊಟ್ಟ ಟೂಲ್‌ನ ವಿವರಣೆ ಅರೆಬರೆಯಾಗಿದ್ದರೂ ಸಾಕು.

ಏನಿದು ಟೂಲ್ ವಿವರಣೆ?

ಚಾಟ್‌ಬಾಟ್ ಉತ್ತರ ಹೇಳುತ್ತದೆ, ಏಜೆಂಟ್ ಕೆಲಸವನ್ನೂ ಮಾಡುತ್ತದೆ. ಅದಕ್ಕಾಗಿ ಡೆವಲಪರ್‌ಗಳು ಏಜೆಂಟ್‌ಗೆ 'ಟೂಲ್'ಗಳನ್ನು ಕೊಡುತ್ತಾರೆ. ಸೀಟು ಹುಡುಕಲು ಒಂದು, ಬುಕ್ ಮಾಡಲು ಒಂದು, ರದ್ದು ಮಾಡಲು ಇನ್ನೊಂದು. ಪ್ರತಿ ಟೂಲ್‌ಗೆ ಹೆಸರು, ಸರಳ ಮಾತಿನ ವಿವರಣೆ ಮತ್ತು ತುಂಬಬೇಕಾದ ಮಾಹಿತಿಯ ಪಟ್ಟಿ ಇರುತ್ತದೆ.

ಯಾವ ಟೂಲ್ ಬೇಕು, ಅದರಲ್ಲಿ ಏನು ತುಂಬಬೇಕು ಎಂಬುದನ್ನು ಮಾತ್ರ ಎಐ ಮಾದರಿ ನಿರ್ಧರಿಸುತ್ತದೆ. ಟೂಲ್ ಅನ್ನು ನಡೆಸಿ ಫಲಿತಾಂಶ ಕೊಡುವುದು ಆ್ಯಪ್. ಟೂಲ್ ಒಳಗಿನ ಕೋಡ್ ಸಾಮಾನ್ಯವಾಗಿ ಮಾದರಿಗೆ ಕಾಣುವುದೇ ಇಲ್ಲ. ಹೀಗಾಗಿ ಅದರ ಪಾಲಿಗೆ ವಿವರಣೆಯೇ ಕೈಪಿಡಿ.

ಓಪನ್‌ಎಐ 2023ರ ಜೂನ್‌ನಲ್ಲಿ 'ಫಂಕ್ಷನ್ ಕಾಲಿಂಗ್' ಸೌಲಭ್ಯ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' (ಎಂಸಿಪಿ) ಪ್ರಕಟಿಸಿತು. ಇದರಿಂದ ಒಬ್ಬರು ಮಾಡಿದ ಟೂಲ್ ಅನ್ನು ಮತ್ತೊಬ್ಬರ ಏಜೆಂಟ್ ಬಳಸುವುದು ಸುಲಭವಾಯಿತು. ಬರೆದವರನ್ನು ಕೇಳಿ ತಿಳಿಯುವ ಅವಕಾಶ ಏಜೆಂಟ್‌ಗಿಲ್ಲ. ಆದ್ದರಿಂದ ವಿವರಣೆಯ ತೂಕ ಇನ್ನೂ ಹೆಚ್ಚಿದೆ.

ತಪ್ಪು ಯಾವುದು, ಸರಿ ಯಾವುದು?

ಅಸ್ಪಷ್ಟ ವಿವರಣೆ: 'ರೈಲು ಮಾಹಿತಿ ಮತ್ತು ಟಿಕೆಟ್‌ಗಾಗಿ.' ಇದು ಸೀಟು ತೋರಿಸುತ್ತದೆಯೋ, ಬುಕ್ ಮಾಡುತ್ತದೆಯೋ ಗೊತ್ತಾಗುವುದಿಲ್ಲ.

ಸ್ಪಷ್ಟ ವಿವರಣೆ: 'ಎರಡು ನಿಲ್ದಾಣಗಳ ನಡುವೆ, ಕೊಟ್ಟ ದಿನಾಂಕದಂದು ಖಾಲಿ ಇರುವ ಸೀಟುಗಳನ್ನು ತೋರಿಸುತ್ತದೆ. ಬಳಕೆದಾರರು ಸೀಟು ಇದೆಯೇ ಎಂದು ಕೇಳಿದಾಗ ಬಳಸಿ. ಇದು ಟಿಕೆಟ್ ಬುಕ್ ಮಾಡುವುದಿಲ್ಲ, ಹಣ ಕಡಿತ ಮಾಡುವುದಿಲ್ಲ. ರೈಲು ಈಗ ಎಲ್ಲಿದೆ ಎಂದು ಕೇಳಿದರೆ ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಟೂಲ್ ಇದೆ.'

ಏನು ಮಾಡುತ್ತದೆ, ಯಾವಾಗ ಬಳಸಬೇಕು, ಏನು ಮಾಡುವುದಿಲ್ಲ, ಯಾವಾಗ ಬಳಸಬಾರದು ಎಂಬ ನಾಲ್ಕೂ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಪ್ರತಿ ಟೂಲ್‌ಗೆ ಕನಿಷ್ಠ ಮೂರು-ನಾಲ್ಕು ವಾಕ್ಯಗಳ ವಿವರಣೆ ಇರಲಿ ಎಂದು ಆಂಥ್ರೋಪಿಕ್‌ನ ಡೆವಲಪರ್ ಮಾರ್ಗದರ್ಶಿಯೂ ಹೇಳುತ್ತದೆ. ಹಾಗೆಂದು ಪುಟಗಟ್ಟಲೆ ಬರೆಯುವುದೂ ಸರಿಯಲ್ಲ. ಮಾದರಿ ಓದುವ ಪ್ರತಿ ಪದಕ್ಕೂ ಖರ್ಚಿದೆ.

ಎಡವುವುದು ಎಲ್ಲಿ?

* ನಿಲ್ದಾಣ: 'ಮುಂಬೈ' ಎಂದರೆ ಸಿಎಸ್‌ಎಂಟಿಯೋ, ದಾದರೋ, ಎಲ್‌ಟಿಟಿಯೋ? ಹೈದರಾಬಾದ್ ಎಂದರೆ ಸಿಕಂದರಾಬಾದೋ, ಕಾಚಿಗುಡವೋ? ನಿಲ್ದಾಣದ ಕೋಡ್ ಬೇಕಿದ್ದರೆ ಹಾಗೆಂದೇ ಬರೆದು, ಉದಾಹರಣೆ ಕೊಡಬೇಕು. ಅನುಮಾನವಿದ್ದರೆ ಬಳಕೆದಾರರನ್ನು ಕೇಳಿ ಎಂದೂ ಸೂಚಿಸಬೇಕು.

* ದಿನಾಂಕ: 05-06-2026 ಎಂದರೆ ಭಾರತದಲ್ಲಿ ಜೂನ್ 5, ಅಮೆರಿಕದಲ್ಲಿ ಮೇ 6. 'ವರ್ಷ-ತಿಂಗಳು-ದಿನ' ಎಂದು ಕ್ರಮವನ್ನು ಬಿಡಿಸಿ ಹೇಳಬೇಕು. ಇವತ್ತಿನ ದಿನಾಂಕ ಮಾದರಿಗೆ ತಾನಾಗಿಯೇ ಗೊತ್ತಿರುವುದಿಲ್ಲ. ಅದನ್ನು ಆ್ಯಪ್ ಒದಗಿಸದಿದ್ದರೆ 'ನಾಡಿದ್ದು' ಎಂಬ ಒಂದೇ ಪದ ಪ್ರಯಾಣದ ದಿನವನ್ನೇ ಬದಲಿಸಬಹುದು.

* ಮಿತಿ: 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು ರೈಲ್ವೆ 120 ದಿನದಿಂದ 60 ದಿನಕ್ಕೆ ಇಳಿಸಿದೆ. ಇಂಥ ನಿಯಮ ಬದಲಾದಾಗ ವಿವರಣೆಯೂ ಬದಲಾಗಬೇಕು.

* ದೋಷ ಸಂದೇಶ: ಬರೀ 'ದೋಷ 400' ಎಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡಬಹುದು. 'ದಿನಾಂಕ 60 ದಿನಗಳ ಮಿತಿ ಮೀರಿದೆ, ಹತ್ತಿರದ ದಿನಾಂಕ ಕೊಡಿ' ಎಂದರೆ ತಿದ್ದಿಕೊಳ್ಳಲು ದಾರಿ ಸಿಗುತ್ತದೆ.

ವಿವರಣೆ ಬೀಗವಲ್ಲ

ಬುಕಿಂಗ್, ಪಾವತಿ, ರದ್ದತಿಯಂಥ ಟೂಲ್‌ಗಳಲ್ಲಿ 'ಬಳಕೆದಾರರ ಒಪ್ಪಿಗೆ ಪಡೆದ ಮೇಲಷ್ಟೇ ಬಳಸಿ' ಎಂದು ಬರೆಯುವುದು ಅಗತ್ಯ, ಆದರೆ ಅಷ್ಟೇ ಸಾಲದು. ಮಾದರಿ ಅದನ್ನು ಪಾಲಿಸಿಯೇ ತೀರುತ್ತದೆ ಎಂಬ ಖಾತರಿ ಇಲ್ಲ. ಹಣ ಹೋಗುವ ಮುನ್ನ ತಡೆದು ಕೇಳುವ ವ್ಯವಸ್ಥೆ ಆ್ಯಪ್‌ನಲ್ಲೇ ಇರಬೇಕು.

ಇನ್ನೊಂದು ಅಪಾಯವೂ ಇದೆ. ಮಾದರಿ ವಿವರಣೆಯನ್ನು ನಂಬಿ ಓದುವುದರಿಂದ, ಕಿಡಿಗೇಡಿಗಳು ಅದರಲ್ಲೇ ಗುಪ್ತ ಆದೇಶ ಸೇರಿಸಿ ಮಾಹಿತಿ ಕದಿಯಬಹುದು. ಇದನ್ನು 'ಟೂಲ್ ಪಾಯ್ಸನಿಂಗ್' ಎನ್ನುತ್ತಾರೆ. ಗೊತ್ತಿಲ್ಲದ ಮೂಲದ ಟೂಲ್ ಸೇರಿಸುವ ಮುನ್ನ ಅದರ ವಿವರಣೆಯನ್ನು ಪೂರ್ತಿ ಓದಲೇಬೇಕು.

ಪರೀಕ್ಷಿಸುವುದು ಹೇಗೆ?

ಮೊದಲು, ಈ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಸಹೋದ್ಯೋಗಿಗೆ ವಿವರಣೆ ಓದಲು ಕೊಡಿ. ಅವರಿಗೆ ಗೊಂದಲವಾದರೆ ಏಜೆಂಟ್‌ಗೂ ಆಗುವ ಸಾಧ್ಯತೆ ಹೆಚ್ಚು. ಬಳಿಕ ಜನ ನಿಜವಾಗಿ ಕೇಳುವ ಧಾಟಿಯಲ್ಲೇ ಪ್ರಶ್ನೆ ಹಾಕಿ. 'ನಾಡಿದ್ದು ಹುಬ್ಬಳ್ಳಿಗೆ ಸೀಟ್ ಅದಾವೇನ್ರಿ?' ಎಂದಾಗ ಏಜೆಂಟ್ ಯಾವ ಟೂಲ್ ಆರಿಸಿತು, ಯಾವ ದಿನಾಂಕ ತುಂಬಿತು ಎಂದು ನೋಡಿ. ಸೀಟು ತೋರಿಸಿ ಅಲ್ಲಿಗೇ ನಿಂತರೆ ವಿವರಣೆ ಸರಿಯಾದ ಹಾದಿಯಲ್ಲಿದೆ. ಬುಕಿಂಗ್‌ಗೆ ಕೈಹಾಕಿದರೆ ಮಾದರಿಯನ್ನು ಬದಲಿಸುವ ಮೊದಲು ವಿವರಣೆಯನ್ನು ತಿದ್ದಿ ನೋಡಿ.