ಎರಡು ಔಷಧಕ್ಕೆ ಮೂರನೆಯದು ಸೇರಿದರೆ ಒಳ್ಳೆಯದೇನಾ? ಮೈಲೋಮ ಪ್ರಯೋಗಗಳು ಹೇಳುವುದೇನು

ಮಲ್ಟಿಪಲ್ ಮೈಲೋಮ ಒಂದು ಬಗೆಯ ರಕ್ತದ ಕ್ಯಾನ್ಸರ್. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸಬೇಕಾದ ಪ್ಲಾಸ್ಮಾ ಜೀವಕೋಶಗಳು ಮೂಳೆಮಜ್ಜೆಯಲ್ಲಿ ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ಮೂಳೆ ಸವೆಯುತ್ತೆ, ರಕ್ತಹೀನತೆ ಕಾಡುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಚಿಕಿತ್ಸೆಗೆ ರೋಗ ತಗ್ಗುತ್ತೆ ನಿಜ, ಆದರೆ ಹೆಚ್ಚಿನವರಲ್ಲಿ ಮತ್ತೆ ಮರುಕಳಿಸುತ್ತದೆ.

ಒಂದೇ ಔಷಧ ಯಾಕೆ ಸಾಲದು?

ಒಂದು ಔಷಧಕ್ಕೆ ಜಗ್ಗದ ಕೆಲವು ಕೋಶಗಳು ಉಳಿದುಕೊಂಡು ಮತ್ತೆ ಬೆಳೆಯುತ್ತವೆ. ಅದಕ್ಕೇ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಬೋರ್ಟೆಜೊಮಿಬ್, ಬೇಡದ ಪ್ರೋಟೀನನ್ನು ವಿಲೇವಾರಿ ಮಾಡುವ ಕೋಶದ ವ್ಯವಸ್ಥೆಯನ್ನೇ ತಡೆಯುತ್ತೆ. ಡಾರಾಟುಮುಮಾಬ್, ಕೋಶದ ಮೇಲಿರುವ ಸಿಡಿ38 ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದರ ಮೇಲೆ ದೇಹದ ರೋಗನಿರೋಧಕ ಶಕ್ತಿ ಎರಗುವಂತೆ ಮಾಡುತ್ತೆ.

ಗೆದ್ದ ಪ್ರಯೋಗ

2016ರಲ್ಲಿ ಪ್ರಕಟವಾದ 'ಪೊಲಕ್ಸ್' ಪ್ರಯೋಗದಲ್ಲಿ, ಈಗಾಗಲೇ ಒಮ್ಮೆಯಾದರೂ ಚಿಕಿತ್ಸೆ ಪಡೆದಿದ್ದ 569 ರೋಗಿಗಳಿದ್ದರು. ಲಾಟರಿಯಂತೆ ಎರಡು ಗುಂಪು ಮಾಡಿ, ಇಬ್ಬರಿಗೂ ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಕೊಟ್ಟರು. ಒಂದು ಗುಂಪಿಗೆ ಮಾತ್ರ ಡಾರಾಟುಮುಮಾಬ್ ಸೇರಿಸಿದರು. 12 ತಿಂಗಳಿಗೆ ರೋಗ ಉಲ್ಬಣಿಸದೆ ಬದುಕಿದ್ದವರ ಪ್ರಮಾಣ ಮೂರು ಔಷಧದ ಗುಂಪಿನಲ್ಲಿ ಸುಮಾರು ಶೇ. 83, ಎರಡರ ಗುಂಪಿನಲ್ಲಿ ಶೇ. 60.

ಎಚ್ಚರಿಸಿದ ಪ್ರಯೋಗ

ಹಾಗಾದ್ರೆ ಔಷಧ ಹೆಚ್ಚಿದಷ್ಟೂ ಒಳ್ಳೆಯದು ಅಂತಾನಾ? 'ಬೆಲ್ಲಿನಿ' ಪ್ರಯೋಗ ಅಲ್ಲ ಅನ್ನುತ್ತೆ. ಬೋರ್ಟೆಜೊಮಿಬ್ ಮತ್ತು ಡೆಕ್ಸಾಮೆಥಾಸೋನ್ ಜೊತೆ 194 ಜನರಿಗೆ ವೆನೆಟೊಕ್ಲಾಕ್ಸ್, 97 ಜನರಿಗೆ ಹುಸಿ ಮಾತ್ರೆ ಕೊಡಲಾಯಿತು. ವೆನೆಟೊಕ್ಲಾಕ್ಸ್ ಗುಂಪಿನಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿಯ ಮಧ್ಯಾಂಕ 22.4 ತಿಂಗಳು, ಇನ್ನೊಂದರಲ್ಲಿ 11.5. ಅಂದ್ರೆ ಹೆಚ್ಚೂಕಡಿಮೆ ದುಪ್ಪಟ್ಟು.

ಆದರೆ ಸತ್ತವರ ಲೆಕ್ಕ ಬೇರೆಯೇ ಇತ್ತು. ವೆನೆಟೊಕ್ಲಾಕ್ಸ್ ಪಡೆದವರಲ್ಲಿ 41 ಜನ, ಅಂದರೆ ಶೇ. 21. ಹುಸಿ ಮಾತ್ರೆ ಪಡೆದವರಲ್ಲಿ 11 ಜನ, ಶೇ. 11. ಸೋಂಕಿನಿಂದಾದ ಸಾವುಗಳು ಇದರಲ್ಲಿ ಎದ್ದು ಕಂಡವು. 2019ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಹೊಸ ರೋಗಿಗಳ ಸೇರ್ಪಡೆ ನಿಂತಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. 11 ಮತ್ತು 14ನೇ ವರ್ಣತಂತುಗಳ ತುಣುಕು ಅದಲುಬದಲಾದ ರೋಗಿಗಳಲ್ಲಿ ಈ ಔಷಧದ ಲಾಭ ಹೆಚ್ಚು ಸ್ಪಷ್ಟವಾಗಿತ್ತು. ಹಾಗಾಗಿ ಎಲ್ಲರಿಗೂ ಕೊಡುವ ಬದಲು, ಅಂಥವರನ್ನೇ ಆರಿಸಿ ಪರೀಕ್ಷಿಸುವತ್ತ ಸಂಶೋಧನೆ ಹೊರಳಿತು.

ಓದುಗರಿಗೆ ಇದ್ಯಾಕೆ ಮುಖ್ಯ?

ಒಟ್ಟು ಆಯುಷ್ಯ ಹೆಚ್ಚಿತೇ ಅಂತ ತಿಳಿಯೋಕೆ ವರ್ಷಗಟ್ಟಲೆ ಬೇಕು. ಆದ್ದರಿಂದ ಪ್ರಯೋಗಗಳು ಮೊದಲು ಅಳೆಯುವುದು ರೋಗ ಎಷ್ಟು ದಿನ ಹತೋಟಿಯಲ್ಲಿತ್ತು ಅನ್ನುವುದನ್ನು. ಸುದ್ದಿಯ ತಲೆಬರಹಕ್ಕೂ ಅದೇ ಅಂಕಿ ಬರುತ್ತದೆ. ಮುಂದಿನ ಸಲ "ಹೊಸ ಔಷಧ ಜೋಡಿಗೆ ಭರ್ಜರಿ ಯಶಸ್ಸು" ಅಂತ ಓದಿದಾಗ ಮೂರು ಪ್ರಶ್ನೆ ಕೇಳಿ: ಯಾವುದಕ್ಕೆ ಹೋಲಿಸಿದರು? ಯಾವ ರೋಗಿಗಳಲ್ಲಿ? ಎರಡೂ ಗುಂಪಿನಲ್ಲಿ ಸತ್ತವರೆಷ್ಟು?